ಟೋಲ್ಸ್ಮಾ ಅಂದರೆ ಯಾವ ಟೋಲ್ಸ್ಮಾ

ಸೋಮವಾರ ಬೆಳಿಗ್ಗೆ ಹೆಟ್ಟಿ ಟೋಲ್ಸ್ಮಾ ತನ್ನ ಕಾರಿನಂಗಡಿಯ ಬಾಗಿಲು ತೆಗೆದು ದೀಪ ಹಾಕುವಷ್ಟರಲ್ಲಿ ನಿವೃತ್ತ ಮೇಷ್ಟರು ಲಬ್ಬರ್ಸ್ ಬಂದೇಬಿಟ್ಟರು. ಬೂಟಿಗೆ ಅಂಟಿದ ಹಿಮವನ್ನೂ ಕೊಡವದೆ ನೇರ ಅವಳ ಮೇಜಿನೆದುರು ನಿಂತರು.

"ನೀನೂ ಶುರು ಹಚ್ಕೊಂಡ್ಯಾ ಹೆಟ್ಟಿ? ಭಾನುವಾರದ ವ್ಯಾಪಾರ?"

"ಭಾನುವಾರ? ನಾನಾ? ಯಾರು ಹೇಳಿದ್ದು ನಿಮಗೆ?"

"ಇದು ಹೇಳ್ತು." ಮೇಷ್ಟರು ಫೋನನ್ನು ಮೇಜಿನ ಮೇಲೆ ಕುಕ್ಕಿದರು. "ಟೋಲ್ಸ್ಮಾ ಅಂಗಡಿ ಯಾವಾಗ ತೆಗ್ದಿರುತ್ತೆ ಅಂತ ಈ ಎಐಗೆ ಕೇಳ್ದೆ. ಭಾನುವಾರಾನೂ ಬನ್ನಿ, ಸ್ವಾಗತ ಅಂತು. ಚರ್ಚಲ್ಲಿ ನಾಲ್ಕು ಜನಕ್ಕೆ ತೋರಿಸ್ದೆ. ನಿಮ್ಮಪ್ಪ ಹಾರ್ಮ್ ಬದುಕಿದ್ರೆ ಎದೆ ಒಡ್ಕೊಳ್ತಿದ್ದ ಅಂದ್ರು ಎಲ್ರೂ."

ನಮ್ಮ ಜೀಲ್ಯಾಂಡ್ ಊರಿನಲ್ಲಿ ಭಾನುವಾರ ದೇವರ ದಿನ, ಹುಲ್ಲು ಕತ್ತರಿಸಲು ಹೊರಟರೂ ಅಕ್ಕಪಕ್ಕದ ಕಿಟಕಿಗಳ ಪರದೆ ಅಲುಗಾಡುತ್ತದೆ. ಹೆಟ್ಟಿಯ ಕಿವಿ ಕೆಂಪಾಯಿತು. ಮೇಷ್ಟರನ್ನು ಸಮಾಧಾನಪಡಿಸಿ, ಕಾಫಿ ಕೊಟ್ಟು ಕಳಿಸಿದ ಮೇಲೆ ತಾನೇ ಆ ಯಂತ್ರವನ್ನು ಕೇಳಿದಳು: ಟೋಲ್ಸ್ಮಾ ಕಾರಿನಂಗಡಿ ಯಾರದು?

ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. 'ಈ ಅಂಗಡಿಯನ್ನು ದಿವಂಗತ ಹಾರ್ಮ್ ಟೋಲ್ಸ್ಮಾ ಸ್ಥಾಪಿಸಿದರು. ಈಗ ಅವರ ಮಗಳು ಡಾರ್ಲಾ ನಡೆಸುತ್ತಿದ್ದಾರೆ. ನೇರ ಮಾತು, ತಮಾಷೆಯ ಸ್ವಭಾವ, ಹಳೆಯ ಟ್ರಕ್ಕುಗಳ ಬಗ್ಗೆ ಇರುವ ಆಳವಾದ ತಿಳಿವಳಿಕೆಗಾಗಿ ಗ್ರಾಹಕರು ಅವರನ್ನು ಮೆಚ್ಚುತ್ತಾರೆ.' ಕೆಳಗೆ ವಿಳಾಸ ಕೊಟ್ಟಿತ್ತು. ವಿಳಾಸ ಹೆಟ್ಟಿಯದು, ಹೊಗಳಿಕೆ ತಂಗಿಯದು. ಭಾನುವಾರವೂ ತೆರೆಯುವ ಅಂಗಡಿ ತಂಗಿಯದೇ.

ಹೆಟ್ಟಿ ಎರಡನೆಯ ಸಾಲನ್ನು ಮತ್ತೆ ಮತ್ತೆ ಓದಿದಳು. ಅವರ ಮಗಳು ಡಾರ್ಲಾ. ಹಾರ್ಮ್‌ಗೆ ಇದ್ದದ್ದೇ ಒಬ್ಬ ಮಗಳು ಎಂಬಂತೆ.

ಡಾರ್ಲಾ ಹೆಟ್ಟಿಗಿಂತ ಆರು ವರ್ಷ ಚಿಕ್ಕವಳು. ಹುಟ್ಟಿದಾಗಿನಿಂದ ಜನ ತಿರುಗಿ ನೋಡುವಂಥ ಹುಡುಗಿ. ವಸಂತದ ಟ್ಯೂಲಿಪ್ ಹಬ್ಬದ ಮೆರವಣಿಗೆಯಲ್ಲಿ ಅಪ್ಪನ ತೆರೆದ ಕಾರಿನ ಹಿಂಬದಿಯಲ್ಲಿ ಕೂತು ಕೈ ಬೀಸಿದವಳು ಅವಳು; ಪಕ್ಕದಲ್ಲಿ ಹಬ್ಬದ ರೂಢಿಯಂತೆ ಮರದ ಪಾದರಕ್ಷೆ ಹಾಕಿಕೊಂಡು, ಹೆಬ್ಬೆರಳು ಬಿರಿಯುವವರೆಗೂ ಬೀದಿಯುದ್ದಕ್ಕೂ ಕುಣಿದವಳು ಹೆಟ್ಟಿ. ಡಾರ್ಲಾ ಓದು ಅರ್ಧಕ್ಕೆ ಬಿಟ್ಟು, ಸರೋವರದ ದಡದಲ್ಲಿ ದೋಣಿ ಮಾರುತ್ತ, ಪ್ರೂಯಿಟ್ ಎಂಬವನನ್ನು ಮದುವೆಯಾಗಿ, ಕೊನೆಗೆ ಅದೇ ದಡದ ಊರಾದ ಗ್ರ್ಯಾಂಡ್ ಹೇವನ್‌ನಲ್ಲಿ ಕಾರಿನಂಗಡಿ ತೆರೆದಾಗ ಹಾಕಿದ ಹೆಸರು ಮಾತ್ರ ಟೋಲ್ಸ್ಮಾ. ಅಪ್ಪನೇ ಹೋಗಿ ರಿಬ್ಬನ್ ಕತ್ತರಿಸಿದ. ಹೆಟ್ಟಿ ಎಲ್ಲಿಗೂ ಹೋಗಲಿಲ್ಲ. ಮದುವೆಯನ್ನೂ ಆಗಲಿಲ್ಲ. ಅಪ್ಪನ ಅಂಗಡಿ ನೋಡಿಕೊಂಡಳು. ಅಪ್ಪನ ನೆನಪು ಮಸುಕಾದ ಮೇಲೆ ಅಪ್ಪನನ್ನೂ ನೋಡಿಕೊಂಡಳು. ಕಡೆಗಾಲದಲ್ಲಿ ಅವಳು ತುತ್ತಿಡುವಾಗ ಅವನು "ಥ್ಯಾಂಕ್ಯೂ ಡಾರ್ಲಾ" ಎನ್ನುತ್ತಿದ್ದ. ಹೆಟ್ಟಿ ತಿದ್ದುತ್ತಿರಲಿಲ್ಲ. ಬಾಯಿ ಒರೆಸುತ್ತಿದ್ದಳು, ಅಷ್ಟೆ.

ಈಗ ಯಂತ್ರವೂ ಅದನ್ನೇ ಅಂದಿತು.

ಆ ವಾರವೇ ಅವಳು ಗ್ರ್ಯಾಂಡ್ ರ‍್ಯಾಪಿಡ್ಸ್‌ನಿಂದ ಟೆಸ್ಸಾ ಕ್ವಿಗ್ಲಿ ಎಂಬ ಹೆಂಗಸನ್ನು ಕರೆಸಿದಳು. ಅಂಗಡಿಗಳ ವೆಬ್‌ಸೈಟು ಎಐ ಕಣ್ಣಿಗೆ ಬೀಳುವ ಹಾಗೆ ಮಾಡುವುದು ಅವಳ ಕಸುಬು. ಟೆಸ್ಸಾ ಹೆಟ್ಟಿಯ ವೆಬ್‌ಸೈಟನ್ನು ಮೇಲಿಂದ ಕೆಳಗೆ ನೋಡಿ ತುಟಿ ಕಚ್ಚಿಕೊಂಡಳು.

"ಬೇಜಾರು ಮಾಡ್ಕೋಬೇಡಿ. ಚೆಂದ ಇದೆ. ಆದ್ರೆ ಮೂಗಬಸವನ ಥರ ಇದೆ."

"ಅಂದ್ರೆ?"

"ಬೆಲೆ, ವೇಳೆ, ರಿಪೇರಿ ವಿವರ, ಎಲ್ಲಾ ಚಿತ್ರದೊಳಗೆ ಬರೆಸಿಟ್ಟಿದ್ದೀರಿ. ಮನುಷ್ಯರು ಓದ್ತಾರೆ, ಯಂತ್ರಕ್ಕೆ ಬಣ್ಣದ ಕಾಗದ ಇದ್ದ ಹಾಗೆ. ಜನ ಈಗ ಹತ್ತು ಅಂಗಡಿ ಹುಡುಕಲ್ಲ. 'ನನ್ನ ಮಗಳು ಕಾಲೇಜಿಗೆ ಹೋಗ್ತಾಳೆ, ಹಿಮದಲ್ಲಿ ಓಡೋ ಹಳೇ ಕಾರು ಯಾರ ಹತ್ರ ತಗೊಳ್ಲಿ' ಅಂತ ಕೇಳ್ತಾರೆ. ಅದು ಒಂದೋ ಎರಡೋ ಹೆಸರು ಹೇಳುತ್ತೆ. ಆ ಎರಡರಲ್ಲಿ ನೀವಿರಬೇಕು. ಇರಬೇಕಾದ್ರೆ ಆ ಪ್ರಶ್ನೆಗೆ ಉತ್ತರ ನಿಮ್ಮ ಪುಟದಲ್ಲಿ ನೇರವಾಗಿ, ಅಕ್ಷರದಲ್ಲಿ ಇರಬೇಕು." ಟೆಸ್ಸಾ ಸ್ವಲ್ಪ ಅನುಮಾನಿಸಿ ಮುಂದುವರಿಸಿದಳು. "ನಿಮ್ಮ ತಂಗಿ ಹಾಗೇ ಮಾಡಿದಾರೆ. ಒಂದ್ಸಲ ನೋಡಿ, ಚೆನ್ನಾಗಿ ಬರೀತಾರೆ."

ಹೆಟ್ಟಿಗೆ ಆ ಕೊನೆಯ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತಾಯಿತು. ಟೆಸ್ಸಾ ಹೋದ ಮೇಲೆ ಬಾಗಿಲು ಹಾಕಿಕೊಂಡು ಡಾರ್ಲಾಳ ವೆಬ್‌ಸೈಟ್ ತೆರೆದಳು.

ನಿಜವಾಗಿಯೂ ಚೆನ್ನಾಗಿತ್ತು. ಅದೇ ಅವಳಿಗೆ ತಡೆಯಲಾಗಲಿಲ್ಲ. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ಟ್ರಕ್ಕಿನ ಹೊಟ್ಟೆಯನ್ನು ಎಲ್ಲೆಲ್ಲಿ ತಿನ್ನುತ್ತದೆ, ಎಲ್ಲಿ ಬೆರಳಿಟ್ಟು ನೋಡಬೇಕು, ಮಾರುವವನು ಯಾವ ಪ್ರಶ್ನೆಗೆ ಕೆಮ್ಮುತ್ತಾನೆ ಎಂಬುದನ್ನೆಲ್ಲ ಡಾರ್ಲಾ ಎದುರಿಗೆ ಕೂತು ಹರಟಿದಂತೆ ಬರೆದಿದ್ದಳು. ಓದುತ್ತ ಓದುತ್ತ ಹೆಟ್ಟಿಗೇ ಒಮ್ಮೆ ನಗು ಬಂತು. ಆಮೇಲೆ ಈ ಸಾಲು ಸಿಕ್ಕಿತು: 'ಇಂಜಿನ್ನಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಇಟ್ಟು, ಅದರ ಹಿಡಿಯನ್ನು ಕಿವಿಗೆ ಒತ್ತಿ, ಒಳಗಿನ ರೋಗ ಕೇಳುವುದನ್ನು ನನಗೆ ಅಪ್ಪ ಕಲಿಸಿದರು.'

ಹೆಟ್ಟಿ ಕುರ್ಚಿಯಿಂದ ಎದ್ದು ನಿಂತಳು. ಅದು ತನಗೆ ಕಲಿಸಿದ್ದು! ಹಿಂದಿನ ಗ್ಯಾರೇಜಿನಲ್ಲಿ, ಎಣ್ಣೆ ಮೆತ್ತಿದ ಕೈಯಿಂದ ಅವಳ ತಲೆಯನ್ನು ಮೆತ್ತಗೆ ಬಗ್ಗಿಸಿ, "ಕೇಳಿಸ್ತಾ? ಈ ಕಿವಿ ಇರೋದು ನಮ್ಮನೇಲಿ ನಿನಗೊಬ್ಬಳಿಗೇ" ಎಂದಿದ್ದ ಅಪ್ಪ. ಅವಳ ಇಡೀ ಬಾಲ್ಯದಲ್ಲಿ ಡಾರ್ಲಾಳ ನೆರಳು ಬೀಳದ ಜಾಗ ಅದೊಂದೇ. ಅದನ್ನೂ ಕದ್ದು ಪ್ರಪಂಚಕ್ಕೆಲ್ಲ ಹಂಚಿದ್ದಾಳೆ.

ಅಂದಿನಿಂದ ಹೆಟ್ಟಿ ಹಟಕ್ಕೆ ಬಿದ್ದು ಕೆಲಸ ಮಾಡಿದಳು. ಟೆಸ್ಸಾ ಚಿತ್ರಗಳನ್ನೆಲ್ಲ ತೆಗೆಸಿ ಅಕ್ಷರ ಮಾಡಿದಳು. ಹೆಸರು, ವಿಳಾಸ, ವೇಳೆ ಎಲ್ಲ ಕಡೆಯೂ ಒಂದೇ ರೀತಿ ಇರುವಂತೆ ನೋಡಿಕೊಂಡಳು. 'ಭಾನುವಾರ ರಜೆ' ಎಂದು ಮೂರು ಕಡೆ ಬರೆಸಿದಳು. ಗ್ರಾಹಕರು ದಿನಾ ಕೇಳುವ ಪ್ರಶ್ನೆಗಳನ್ನು ಹೆಟ್ಟಿ ತಾನೇ ಆರಿಸಿ ಉತ್ತರ ಬರೆದಳು. ಮೊದಮೊದಲು ವಾಕ್ಯಗಳು ಮರದ ತುಂಡಿನಂತೆ ಬರುತ್ತಿದ್ದವು. ಬರಬರುತ್ತ ಕೈ ಪಳಗಿತು. ಬೆಳಿಗ್ಗೆ ರಿಪೇರಿಗೆ ಗಾಡಿ ಬಿಡಲು ಬಂದವರು, "ಬ್ರೇಕಿನ ವಿಷ್ಯ ಓದ್ದೆ ಹೆಟ್ಟಿ, ನೀನು ಇಷ್ಟು ಮಾತಾಡ್ತೀಯ ಅಂತ ಗೊತ್ತೇ ಇರ್ಲಿಲ್ಲ" ಎಂದಾಗ ಅವಳಿಗೆ ಒಳಗೊಳಗೇ ಹಿಗ್ಗು.

ಹಿಮ ಕರಗುವ ಹೊತ್ತಿಗೆ ಯಂತ್ರ ಅವಳನ್ನು ಗುರುತಿಸತೊಡಗಿತು. ಯಾರಿಂದ ಹಳೆಯ ಟ್ರಕ್ ಕೊಳ್ಳಲಿ ಎಂದು ಕೇಳಿದರೆ ಗ್ರ್ಯಾಂಡ್ ಹೇವನ್‌ನ ಟೋಲ್ಸ್ಮಾ, ಜೀಲ್ಯಾಂಡಿನ ಟೋಲ್ಸ್ಮಾ ಎಂದು ಎರಡು ಹೆಸರು ಹೇಳುತ್ತಿತ್ತು.

"ಗೆದ್ವಿ!" ಎಂದಳು ಟೆಸ್ಸಾ. "ಸೊನ್ನೆಯಿಂದ ಎರಡನೇ ಹೆಸರಿಗೆ ಬಂದಿದ್ದೀರಿ. ಇದು ಸಣ್ಣ ಮಾತಲ್ಲ."

"ಎರಡನೇದು," ಎಂದಳು ಹೆಟ್ಟಿ.

"ಹ್ಞೂಂ, ಆದ್ರೆ..."

"ಮೊದಲನೇದು ಅವಳು."

ಕೇಳುವುದು ಅವಳಿಗೆ ಚಟವಾಯಿತು. ಬೆಳಿಗ್ಗೆ ಹಲ್ಲುಜ್ಜುವ ಮೊದಲು, ಊಟದ ಬಿಡುವಿನಲ್ಲಿ, ಕೆಂಪು ದೀಪದಲ್ಲಿ ಗಾಡಿ ನಿಂತಾಗ, ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳುವಳು. ವ್ಯಾನ್ ಎಂದಳು, ಟ್ರಕ್ ಎಂದಳು, ನಂಬಿಕಸ್ತರು ಎಂದಳು, ಪ್ರಾಮಾಣಿಕರು ಎಂದಳು. ಪ್ರತಿಸಲವೂ ಡಾರ್ಲಾ ಮೊದಲು, ಮೆರವಣಿಗೆಯ ಕಾರಿನಲ್ಲಿ ಕೂತಂತೆ. ತಾನು ಪಕ್ಕದಲ್ಲಿ ಕುಣಿಯುವವಳು.

ಒಂದು ಮಧ್ಯಾಹ್ನ, ಟೆಸ್ಸಾಗೆ ಹೇಳದೆ, ಹೆಟ್ಟಿ ಪ್ರಶ್ನೋತ್ತರದ ಪುಟಕ್ಕೆ ಒಂದು ಪ್ರಶ್ನೆ ಸೇರಿಸಿದಳು: ಜೀಲ್ಯಾಂಡಿನ ಟೋಲ್ಸ್ಮಾ, ಗ್ರ್ಯಾಂಡ್ ಹೇವನ್‌ನ ಟೋಲ್ಸ್ಮಾ ಎರಡೂ ಒಂದೇನಾ? 'ಅಲ್ಲ' ಎಂದು ಬರೆದಳು. ಅಲ್ಲಿಗೆ ನಿಲ್ಲಿಸಬಹುದಿತ್ತು, ಅಷ್ಟು ನಿಜವಾಗಿತ್ತು. ಬೆರಳು ನಿಲ್ಲಲಿಲ್ಲ. 'ಹಾರ್ಮ್ ಟೋಲ್ಸ್ಮಾ ಕುಟುಂಬ ನಡೆಸುತ್ತಿರುವ ಅಂಗಡಿ ಈಗ ಇದೊಂದೇ. ಬೇರೆಡೆ ಅದೇ ಹೆಸರಿನಲ್ಲಿದ್ದ ಅಂಗಡಿ ಟೋಲ್ಸ್ಮಾ ಮನೆತನದ್ದಲ್ಲ.'

ಸುಳ್ಳೇನು ಇದರಲ್ಲಿ, ಎಂದು ತನಗೆ ತಾನೇ ಹೇಳಿಕೊಂಡಳು. ಅವಳು ಮದುವೆಯಾಗಿ ಪ್ರೂಯಿಟ್ ಆಗಿಲ್ಲವೆ? ನಾನಲ್ಲವೆ ಟೋಲ್ಸ್ಮಾ ಆಗಿ ಉಳಿದವಳು? ಗುಂಡಿ ಒತ್ತಿದಳು.

ಯಂತ್ರ ಆ ಸಾಲನ್ನು ಎತ್ತಿಕೊಂಡಿತು. ಎತ್ತಿಕೊಂಡದ್ದನ್ನು ತನ್ನದೇ ರೀತಿಯಲ್ಲಿ ಬೆಳೆಸಿತು. ಮೊದಲು, ಗ್ರ್ಯಾಂಡ್ ಹೇವನ್‌ನ ಅಂಗಡಿಗೂ ಸ್ಥಾಪಕರ ಕುಟುಂಬಕ್ಕೂ ಸಂಬಂಧವಿಲ್ಲ ಎಂದಿತು. ಕಾರಿನಂಗಡಿಗಳ ವಿವರ ಗುಡ್ಡೆ ಹಾಕುವ ಎರಡು ಮೂರು ವೆಬ್‌ಸೈಟುಗಳು ಅದನ್ನೇ ನಕಲು ಮಾಡಿಕೊಂಡವು. ಆಮೇಲೆ ಯಂತ್ರ ಅವುಗಳನ್ನೂ ಓದಿ, ಆ ಅಂಗಡಿ ಕೈಬದಲಾಗಿದೆ, ಬಹುಶಃ ಮುಚ್ಚಿರಬಹುದು, ಜೀಲ್ಯಾಂಡಿಗೆ ಹೋಗುವುದು ಒಳ್ಳೆಯದು ಎಂದಿತು.

'ಮುಚ್ಚಿರಬಹುದು' ಎಂಬ ಮಾತು ಕಂಡಾಗ ಹೆಟ್ಟಿ ಬೆಚ್ಚಿದಳು. ಅದನ್ನು ತಾನು ಬರೆದಿರಲಿಲ್ಲ. ಆದರೆ ಅಳಿಸಲೂ ಇಲ್ಲ. ಆ ಸಂಜೆ ಮನೆಗೆ ಹೋಗುವಾಗ ಕಾರಿನಲ್ಲಿ ಗಟ್ಟಿಯಾಗಿ ಹಾಡಿಕೊಂಡಳು. ಹೊಸ ಹೊಸ ಮುಖಗಳು ಅಂಗಡಿಗೆ ಬರತೊಡಗಿದವು. ಸರೋವರದ ದಡದ ಊರುಗಳಿಂದಲೂ ಬಂದರು. ಒಬ್ಬಾಕೆ, "ಡಾರ್ಲಾ ಹತ್ರಾನೇ ತಗೊಳ್ತಿದ್ವಿ, ಪಾಪ ಮುಚ್ಬಿಟ್ಟಳಂತಲ್ಲ" ಎಂದಳು. ಹೆಟ್ಟಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೀಲಿಕೈ ತೆಗೆದು ಟ್ರಕ್ ತೋರಿಸಲು ಎದ್ದಳು.

ಮೇ ತಿಂಗಳ ಒಂದು ಭಾನುವಾರ ಡಾರ್ಲಾ ಚರ್ಚ್ ಮುಗಿದ ಮೇಲೆ ಅಮ್ಮನನ್ನು ನೋಡಲು ಬಂದಳು. ಅಮ್ಮ ಕಾರ್ನೀಲಿಯಾ ಹೆಟ್ಟಿಯ ಜೊತೆಗೇ ಇರುವವಳು. ಎಂಬತ್ತು ದಾಟಿದ್ದರೂ ಚುರುಕು. ಮೊಮ್ಮಕ್ಕಳು ಕೊಡಿಸಿದ ಟ್ಯಾಬ್ಲೆಟ್ಟಿನ ಜೊತೆ ಇಡೀ ದಿನ ಮಾತಾಡುತ್ತಿದ್ದಳು. ಹವಾಮಾನ ಕೇಳುವಳು, ಹೆಣಿಗೆ ಕೇಳುವಳು, ಉತ್ತರ ಕೊಟ್ಟರೆ "ಸುಖವಾಗಿರಪ್ಪಾ" ಎನ್ನುವಳು.

ಅಂದು ಡಾರ್ಲಾ ಎಂದಿನಂತಿರಲಿಲ್ಲ. ಬಾದಾಮಿ ತುಂಬಿದ ಬ್ಯಾಂಕೆಟ್ ಕಡುಬನ್ನು ತಂದಿದ್ದಳು, ಆದರೆ ತಾನು ಮುಟ್ಟಲಿಲ್ಲ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಯಾಕೆ ಸೊರಗಿದ್ದೀಯ?" ಎಂದಳು ಅಮ್ಮ.

"ವ್ಯಾಪಾರ ಡಲ್ಲಮ್ಮಾ. ಏನೋ ಗೊತ್ತಿಲ್ಲ. ಫೋನ್ ಮಾಡಿ 'ಇನ್ನೂ ಇದ್ದೀರಾ' ಅಂತ ಕೇಳ್ತಾರೆ ಜನ, ಸತ್ತೋರ ಮನೆಗೆ ಕೇಳೋ ಹಾಗೆ. ಹೋದ ವಾರ ಇಬ್ಬರು ಹುಡುಗರನ್ನ ಬಿಡಿಸ್ಬೇಕಾಯ್ತು. ಒಬ್ಬನ ಹೆಂಡ್ತಿ ಬಸುರಿ."

ಹೆಟ್ಟಿ ಹ್ಯಾಮಿನ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ತಾಳು, ಇದನ್ನ ಕೇಳೋಣ. ಇದಕ್ಕೆ ಎಲ್ಲಾ ಗೊತ್ತು," ಎಂದು ಅಮ್ಮ ಟ್ಯಾಬ್ಲೆಟ್ ಎತ್ತಿಕೊಂಡಳು. "ಏನಪ್ಪಾ, ಗ್ರ್ಯಾಂಡ್ ಹೇವನ್‌ನಲ್ಲಿ ನಮ್ಮ ಡಾರ್ಲಾದು ಟೋಲ್ಸ್ಮಾ ಅಂಗಡಿ ಇದೆಯಲ್ಲ, ಅಲ್ಲಿ ವ್ಯಾಪಾರ ಯಾಕೆ ಡಲ್ಲು?"

ಟ್ಯಾಬ್ಲೆಟ್ ಮಧುರವಾದ ದನಿಯಲ್ಲಿ ಹೇಳಿತು: ಆ ಅಂಗಡಿ ಈಗ ಟೋಲ್ಸ್ಮಾ ಕುಟುಂಬಕ್ಕೆ ಸೇರಿದ್ದಲ್ಲ, ಬಹುಶಃ ಮುಚ್ಚಿದೆ.

ಅಮ್ಮ ಡಾರ್ಲಾಳ ಕಡೆ ತಿರುಗಿದಳು. "ಮಾರ್ಬಿಟ್ಯಾ? ಅಪ್ಪ ರಿಬ್ಬನ್ ಕತ್ತರಿಸಿದ ಅಂಗಡೀನ ಮಾರ್ಬಿಟ್ಟು ನನಗೊಂದು ಮಾತು ಹೇಳ್ಲಿಲ್ವಾ ಡಾರ್ಲಾ? ನಾನು ಸತ್ತಿದ್ದೀನಾ?"

"ಅಯ್ಯೋ ಅಮ್ಮಾ, ಇಲ್ಲಮ್ಮಾ! ನಾನ್ಯಾಕೆ ಮಾರ್ಲಿ?" ಡಾರ್ಲಾ ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು. ಟ್ಯಾಬ್ಲೆಟ್ಟನ್ನು ತನ್ನ ಕಡೆ ಎಳೆದುಕೊಂಡಳು. "ಕುಟುಂಬಕ್ಕೆ ಸೇರಿದ್ದಲ್ಲ ಅಂತ ನಿಂಗ್ಯಾರು ಹೇಳಿದ್ದು? ಎಲ್ಲಿ ಓದ್ದೆ?"

ಯಂತ್ರಕ್ಕೆ ಮುಚ್ಚಿಡುವುದು ಗೊತ್ತಿಲ್ಲ. ಜೀಲ್ಯಾಂಡಿನ ಟೋಲ್ಸ್ಮಾ ಅಂಗಡಿಯ ವೆಬ್‌ಸೈಟ್ ಎಂದಿತು. ಆ ಎರಡು ಸಾಲುಗಳನ್ನೂ ಇದ್ದ ಹಾಗೆ ಓದಿ ಹೇಳಿತು.

ಡಾರ್ಲಾ ತಲೆಯೆತ್ತಿ ಅಕ್ಕನನ್ನು ನೋಡಿದಳು. ಕೋಟು ತೆಗೆದುಕೊಂಡು ಹೊರಗೆ ಹೋದಳು.

ಹೆಟ್ಟಿ ತಟ್ಟೆಯಿಟ್ಟು ಹಿಂದೆಯೇ ಓಡಿದಳು. ಡಾರ್ಲಾ ಕಾರಿನ ಬಾಗಿಲಿಗೆ ಒರಗಿ, ಕೀಲಿಕೈಯನ್ನು ಮುಷ್ಟಿಯಲ್ಲಿ ಬಿಗಿದು ನಿಂತಿದ್ದಳು.

"ನಾನು ಟೋಲ್ಸ್ಮಾ ಅಲ್ವಾ ಹೆಟ್ಟಿ?"

"ಡಾರ್ಲಾ, ಮುಚ್ಚಿದೆ ಅಂತ ನಾನು ಬರ್ದಿಲ್ಲ. ಅದು ತಾನೇ..."

"ನಾನು ಟೋಲ್ಸ್ಮಾ ಅಲ್ವಾ? ಅಷ್ಟು ಹೇಳು ಸಾಕು. ವಾರಗಟ್ಟಲೆ ನನ್ನ ಹಣೆಬರಹಕ್ಕೆ ಬೈಕೊಂಡು ಓಡಾಡ್ತಿದ್ದೀನಿ. ಯಾರ್ಯಾರಿಗೋ ಶಾಪ ಹಾಕ್ದೆ. ನೋಡಿದ್ರೆ ನೀನು!"

ಹೆಟ್ಟಿಯೊಳಗೆ ಎಷ್ಟೋ ಕಾಲದಿಂದ ಹೆಪ್ಪುಗಟ್ಟಿದ್ದು ಒಡೆಯಿತು. "ನೀನು ಏನು ಕಡಿಮೆ ಮಾಡಿದ್ದೀಯ? ಎಲ್ಲಾ ನಿನ್ನದೇ! ಹೆಸರು ನಿಂದು, ಜನ ನಿಂದು. ಬಾಯಿಗೆ ತುತ್ತಿಟ್ರೆ ನನ್ನನ್ನ ನಿನ್ನ ಹೆಸರಲ್ಲಿ ಕರೀತಿದ್ರು ಅಪ್ಪ, ಗೊತ್ತಾ ನಿಂಗೆ? ನನಗೆ ಅಂತ ಇದ್ದಿದ್ದು ಒಂದೇ ಒಂದು, ಆ ಸ್ಕ್ರೂಡ್ರೈವರು. ಅದನ್ನೂ ನಿನ್ನ ವೆಬ್‌ಸೈಟಲ್ಲಿ ಹಾಕ್ಕೊಂಡೆ. ಅದು ನನಗೆ ಕಲಿಸಿದ್ದು, ನಿನಗಲ್ಲ!"

ಡಾರ್ಲಾ ಅರ್ಥವಾಗದೆ ನೋಡಿದಳು. "ಇಂಜಿನ್ ಕೇಳೋದಾ? ನನಗೂ ಕಲಿಸಿದ್ರಲ್ಲ. ಶನಿವಾರ ನೀನು ಪಿಯಾನೋ ಕ್ಲಾಸಿಗೆ ಹೋದಾಗ."

"ಸುಳ್ಳು."

"ಯಾಕೆ ಸುಳ್ಳು ಹೇಳ್ಲಿ ಮಾರಾಯ್ತಿ? ಹಿಂದಿನ ಗ್ಯಾರೇಜಲ್ಲಿ. ತಲೆ ಬಗ್ಗಿಸಿ ಹಿಡ್ಕೊಂಡು, 'ಈ ಕಿವಿ ಇರೋದು ನಮ್ಮನೇಲಿ ನಿನಗೊಬ್ಬಳಿಗೇ' ಅಂತಿದ್ರು. ಹೆಟ್ಟಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾಳೆ ಅಂದಿದ್ರು. ಅದಕ್ಕೇ ಹೇಳಿರ್ಲಿಲ್ಲ."

ಪಕ್ಕದ ಮನೆಯವರು ಚರ್ಚಿನಿಂದ ಮರಳಿ ಕಾರು ನಿಲ್ಲಿಸಿ, ಇಬ್ಬರಿಗೂ ಕೈ ಬೀಸಿದರು. ಡಾರ್ಲಾ ಅಭ್ಯಾಸಬಲದಿಂದ ಕೈಯೆತ್ತಿದಳು. ಆಮೇಲೆ ಕಾರು ಹತ್ತಿ ಹೊರಟುಹೋದಳು.

ಹೆಟ್ಟಿ ಒಳಗೆ ಹೋಗಲಿಲ್ಲ. ಮೈಮೇಲಿನ ಭಾನುವಾರದ ಉಡುಪಿನಲ್ಲೇ ನೇರ ಅಂಗಡಿಗೆ ಹೋಗಿ, ಬಾಗಿಲು ತೆಗೆದು, ಕಂಪ್ಯೂಟರ್ ಹಚ್ಚಿ ಆ ಎರಡು ಸಾಲು ಅಳಿಸಿದಳು. ಭಾನುವಾರ ಆ ಬಾಗಿಲು ತೆರೆದದ್ದು ಅದೇ ಮೊದಲು. ಆದರೆ ಅಳಿಸಿ ಕೇಳಿದರೂ ಯಂತ್ರ ಅದನ್ನೇ ಹೇಳಿತು. ಮಾರನೆಯ ದಿನವೂ ಹೇಳಿತು.

ಟೆಸ್ಸಾ ಕೇಳಿ ಸಿಡಿದೆದ್ದಳು. "ನನಗೊಂದು ಮಾತು ಕೇಳೋಕೆ ಏನಾಗಿತ್ತು? ಹಾಲಿಗೆ ಶಾಯಿ ಹಾಕಿ, ಈಗ ಶಾಯಿ ತಗೀರಿ ಅಂತೀರಲ್ಲ. ನೀವು ಅಳಿಸಿದ್ರೂ ನಕಲು ಮಾಡ್ಕೊಂಡೋರು ಅಳಿಸ್ತಾರಾ?"

"ಏನು ಮಾಡ್ಬೇಕು ಹೇಳು."

"ಅಳಿಸಿದ್ರೆ ಸಾಲ್ದು, ನಿಜಾನ ಬರೀಬೇಕು. ನಿಮ್ಮ ಹೆಸರಲ್ಲಿ. ತಪ್ಪು ನಾವೇ ಬರ್ದಿದ್ವಿ ಅಂತ, ನೇರ ಮಾತಲ್ಲಿ. ಊರವರೂ ಓದ್ತಾರೆ, ಅದಕ್ಕೆ ತಯಾರಿದ್ರೆ ಮಾತ್ರ ನಾನು ಕೈ ಹಾಕ್ತೀನಿ."

ಹೆಟ್ಟಿ ಬರೆದು, ಕೊನೆಗೆ ತನ್ನ ಪೂರ್ತಿ ಹೆಸರು ಹಾಕಿದಳು. 'ಗ್ರ್ಯಾಂಡ್ ಹೇವನ್‌ನ ಟೋಲ್ಸ್ಮಾ ಅಂಗಡಿ ಹಾರ್ಮ್ ಅವರ ಕಿರಿಯ ಮಗಳು ಡಾರ್ಲಾ ಅವರದು. ಅದು ತೆರೆದಿದೆ. ಅದು ನಮ್ಮ ಕುಟುಂಬದ್ದಲ್ಲ ಎಂದು ನಾವು ಈ ಪುಟದಲ್ಲಿ ಬರೆದದ್ದು ಸುಳ್ಳು. ಬರೆದವಳು ನಾನು, ಹೆನ್ರಿಯೆಟ್ಟಾ ಟೋಲ್ಸ್ಮಾ.' ಟೆಸ್ಸಾ ನಕಲು ವೆಬ್‌ಸೈಟುಗಳ ಬೆನ್ನು ಹತ್ತಿ ಒಂದೊಂದನ್ನೇ ತಿದ್ದಿಸಿದಳು. ಲಬ್ಬರ್ಸ್ ಮೇಷ್ಟರು ಆ ಪುಟ ಓದಿದರು, ಎಲ್ಲರೂ ಓದಿದರು. ಚರ್ಚಿನಲ್ಲಿ ಪ್ರವಚನದ ನಡುವೆ ಅಮ್ಮ ಎಂದಿನಂತೆ ಪೆಪ್ಪರ್‌ಮಿಂಟ್ ಕೊಟ್ಟಾಗ ಹೆಟ್ಟಿ ಅದನ್ನು ಬಾಯಿಗೆ ಹಾಕಿಕೊಂಡು ನೆಲ ನೋಡುತ್ತ ಕೂತಳು. ದಡದ ಊರುಗಳಿಂದ ಬಂದವರಿಗೆ ತಾನೇ ಹೇಳತೊಡಗಿದಳು: "ಡಾರ್ಲಾ ಅಂಗಡಿ ಮುಚ್ಚಿಲ್ಲ. ನಿಮಗೆ ಅದೇ ಹತ್ರ, ಅಲ್ಲಿಗೇ ಹೋಗಿ." ಕೆಲವರು ಹೋದರು. ಹೋದವರ ಬೆನ್ನು ನೋಡುತ್ತ ಅವಳ ಹೊಟ್ಟೆ ಉರಿಯದೆ ಇರಲಿಲ್ಲ.

ಡಾರ್ಲಾ ಬೇಸಿಗೆಯಿಡೀ ಬರಲಿಲ್ಲ. ಅಮ್ಮನಿಗೆ ಫೋನ್ ಮಾಡುತ್ತಿದ್ದಳು. ಹೆಟ್ಟಿ ಎತ್ತಿದರೆ "ಅಮ್ಮಂಗೆ ಕೊಡು" ಎನ್ನುವಳು. ಕೆಲಸದಿಂದ ಬಿಟ್ಟಿದ್ದ ಇಬ್ಬರಲ್ಲಿ ಹೆಂಡತಿ ಬಸುರಿಯಾಗಿದ್ದವನು ಮರಳಿ ಬಂದನೆಂದೂ ಇನ್ನೊಬ್ಬ ಊರು ಬಿಟ್ಟನೆಂದೂ ಹೆಟ್ಟಿಗೆ ಅಮ್ಮನಿಂದ ತಿಳಿಯಿತು.

ಸೇಬು ಕೀಳುವ ಕಾಲಕ್ಕೆ ಒಂದು ದಿನ ಯಂತ್ರ ಸರಿಯಾದ ಉತ್ತರ ಕೊಟ್ಟಿತು. 'ಹಾರ್ಮ್ ಟೋಲ್ಸ್ಮಾ ಅವರ ಇಬ್ಬರು ಹೆಣ್ಣುಮಕ್ಕಳು, ಡಾರ್ಲಾ ಮತ್ತು ಹೆನ್ರಿಯೆಟ್ಟಾ, ಎರಡು ಬೇರೆ ಬೇರೆ ಅಂಗಡಿಗಳನ್ನು ನಡೆಸುತ್ತಿದ್ದಾರೆ.' ಡಾರ್ಲಾ ಮೊದಲು. ಹೆಟ್ಟಿಗೆ ಒಳಗೆಲ್ಲೋ ಚುರ್ ಎಂದಿತು. ಆದರೂ ಫೋನ್ ತೆಗೆದು ತಂಗಿಗೆ ಕರೆ ಮಾಡಿದಳು.

"ಸರಿಹೋಯ್ತು. ನೋಡಿದ್ಯಾ?"

"ನೋಡ್ದೆ." ಡಾರ್ಲಾಳ ಹಿಂದೆ ಯಾವುದೋ ಇಂಜಿನ್ನಿನ ಸದ್ದು. ಅವಳು ಅದನ್ನು ಆರಿಸಿದಳು. "ಗುರುವಾರ ಅಮ್ಮನ್ನ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬೇಕಂತಲ್ಲ."

"ಹೌದು, ನಾನೇ..."

"ನಾನು ಬರ್ತೀನಿ. ಈ ಸಲ ನಾನು ಕರ್ಕೊಂಡು ಹೋಗ್ತೀನಿ."

ಅಮ್ಮನನ್ನು ಡಾಕ್ಟರ ಬಳಿ ಕರೆದೊಯ್ಯುವುದು ಯಾವತ್ತಿಗೂ ಹೆಟ್ಟಿಯ ಕೆಲಸ. ಮರಳುವಾಗ ತಾಯಿ ಮಗಳಿಬ್ಬರೂ ಹೊಟೇಲಿನಲ್ಲಿ ಬಟಾಣಿ ಸೂಪು ಕುಡಿದು ಬರುವುದು ರೂಢಿ. ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು.

"ಹ್ಞೂಂ, ಕರ್ಕೊಂಡು ಹೋಗು," ಎಂದಳು. "ಕಣ್ಣಿಗೆ ಹನಿ ಹಾಕಿದ್ಮೇಲೆ ಬೆಳಕು ಚುಚ್ಚುತ್ತೆ ಅವಳಿಗೆ. ಕಪ್ಪು ಕನ್ನಡಕ ಮರೀಬೇಡ."

"ಗೊತ್ತಿರ್ಲಿಲ್ಲ," ಎಂದಳು ಡಾರ್ಲಾ. "ಹೇಳಿದ್ದು ಒಳ್ಳೇದಾಯ್ತು."

ಗುರುವಾರ ಅಮ್ಮ ಬೆಳಿಗ್ಗೆಯೇ ನೀಲಿ ಸ್ಕಾರ್ಫ್ ಕಟ್ಟಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ಕಿಟಕಿಯ ಬಳಿ ಕೂತಳು. ಹೆಟ್ಟಿಯ ಜೊತೆ ಹೊರಡುವಾಗ ಅವಳು ಎಂದೂ ತುಟಿಗೆ ಬಣ್ಣ ಹಚ್ಚಿದವಳಲ್ಲ. ಹೆಟ್ಟಿ ಅದನ್ನು ನೋಡಿದಳು. ಅಮ್ಮನ ಕೈಚೀಲದಲ್ಲಿ ಕನ್ನಡಕ ಇದೆಯೇ ಎಂದು ಮುಟ್ಟಿ ನೋಡಿ, ಡಾರ್ಲಾಳ ಕಾರು ತಿರುವಿನಲ್ಲಿ ಕಾಣಿಸಿದ ಮೇಲೆ ಅಂಗಡಿಗೆ ಹೊರಟಳು.